ಕಾರು ಅಪಘಾತದ ಎಕ್ಸ್-ರೇ, ಸ್ಕ್ಯಾನ್: ಕ್ಯಾಶುಯಲ್ಟಿಯಿಂದ ಕೋರ್ಟಿನವರೆಗೆ ಹಂತ ಹಂತವಾಗಿ

ಮೋಟಾರು ಅಪಘಾತದ ಪರಿಹಾರ ಕೇಸು ನೋಡುವ ವಕೀಲರ ಕಚೇರಿಯಲ್ಲಿ ನನ್ನ ಕೆಲಸ ಕಾಗದ ಜೋಡಿಸುವುದು. ಕಕ್ಷಿದಾರರು ಬಟ್ಟೆ ಅಂಗಡಿಯ ಚೀಲವೊಂದನ್ನು ತಂದು ಮೇಜಿನ ಮೇಲೆ ಸುರಿಯುತ್ತಾರೆ. ಮೆಡಿಕಲ್ ಶಾಪಿನ ಬಿಲ್ಲು ಇರುತ್ತದೆ, ಆಟೋ ಬಾಡಿಗೆ ಚೀಟಿಯೂ ಇರುತ್ತದೆ. ಮೂಳೆ ಮುರಿದ ಮೊದಲ ದಿನದ ಎಕ್ಸ್-ರೇ ಮಾತ್ರ ಇರುವುದಿಲ್ಲ. ಇದ್ದರೆ ಹೆಸರು ತಪ್ಪಾಗಿರುತ್ತದೆ, ಇಲ್ಲವೇ ರಿಪೋರ್ಟು ಕಾಣೆ.

ಸ್ಕ್ಯಾನ್ ಮಾಡಿಸುವುದು ಸುಲಭ. ಈ ಚಿತ್ರ ಇವರದ್ದೇ, ಈ ಅಪಘಾತದ್ದೇ, ಈ ಕಾಲಿನದ್ದೇ ಅಂತ ಎರಡು ವರ್ಷ ಕಳೆದ ಮೇಲೂ ಯಾರಾದರೂ ನೋಡಿ ಹೇಳುವ ಹಾಗೆ ಇಟ್ಟುಕೊಳ್ಳುವುದೇ ಕಷ್ಟ. ಕೆಳಗಿನ ಹಂತಗಳು ಅದಕ್ಕಾಗಿ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಯಾವ ಸ್ಕ್ಯಾನ್ ಬೇಕು ಅಂತ ತೀರ್ಮಾನಿಸಬೇಕಾದವರು ಡಾಕ್ಟರು. ಕೇಸು ಗಟ್ಟಿಯಾಗಲಿ ಅಂತ ತಾವೇ ಹೋಗಿ ಸ್ಕ್ಯಾನ್ ಮಾಡಿಸಿಕೊಂಡು ಬರುವವರಿದ್ದಾರೆ. “ಇದನ್ನು ಮಾಡಿಸಿ ಅಂತ ಬರೆದುಕೊಟ್ಟ ಡಾಕ್ಟರು ಯಾರು?” ಅಂತ ಇನ್ಶೂರೆನ್ಸ್ ವಕೀಲರು ಕೇಳಿದ ಕೂಡಲೇ ಆ ಸ್ಕ್ಯಾನಿಗೆ ಬೆಲೆ ಹೋಗುತ್ತದೆ.

ಬೇಕಾಗುವ ಸಾಮಾನು

ದೊಡ್ಡ ಗಟ್ಟಿ ಪ್ಲಾಸ್ಟಿಕ್ ಫೋಲ್ಡರ್ ಒಂದು. ಎಕ್ಸ್-ರೇ ಫಿಲ್ಮು 14 ಇಂಚು 17 ಇಂಚಿನಷ್ಟು ದೊಡ್ಡದೂ ಇರುತ್ತದೆ, ಅದು ಮಡಚದೆ ಹಿಡಿಯಬೇಕು. ಒಂದು 40 ಪುಟದ ನೋಟ್‌ಬುಕ್, ಒಂದು ಪೆನ್‌ಡ್ರೈವ್, ಗಾಯಾಳುವಿನ ಆಧಾರ್ ಕಾರ್ಡಿನ ನಕಲು. ಇಷ್ಟೇ ಸಾಕು. ಜೊತೆಗೆ ಮನೆಯವರಲ್ಲಿ ಒಬ್ಬರನ್ನು ಕಾಗದದ ಜವಾಬ್ದಾರಿಗೆ ಗೊತ್ತು ಮಾಡಿ. ಮೂವರು ಮೂರು ಕಡೆ ಇಟ್ಟ ಕಾಗದ ಮತ್ತೆ ಒಟ್ಟಾಗುವುದಿಲ್ಲ.

ಹಂತ 1: ಕ್ಯಾಶುಯಲ್ಟಿಯಲ್ಲಿ ಹೇಳುವ ಮೊದಲ ಮಾತು

ಆಸ್ಪತ್ರೆಗೆ ಹೋದ ಕೂಡಲೇ “ಏನಾಯ್ತು?” ಅಂತ ಕೇಳುತ್ತಾರೆ. ಆ ಉತ್ತರ ಕೇಸ್ ಶೀಟಿನ ಮೊದಲ ಸಾಲಾಗುತ್ತದೆ. ಮುಂದಿನ ಎಲ್ಲ ಎಕ್ಸ್-ರೇ, ಸ್ಕ್ಯಾನು ಆ ಸಾಲಿನ ಮೇಲೆ ನಿಲ್ಲುತ್ತವೆ. ಕಾರು ಅಪಘಾತ ಅಂತ ಸ್ಪಷ್ಟವಾಗಿ ಹೇಳಿ. ದಿನ, ಸಮಯ, ಜಾಗ ಹೇಳಿ. ಎಂಎಲ್‌ಸಿ (ಪೊಲೀಸರಿಗೆ ತಿಳಿಸಬೇಕಾದ ಮೆಡಿಕೋ-ಲೀಗಲ್ ಕೇಸು ಅಂತ ಆಸ್ಪತ್ರೆಯಲ್ಲಿ ದಾಖಲಿಸುವುದು) ಮಾಡಿ ಅಂತಲೂ ಹೇಳಿ, ಅದರ ನಂಬರನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ.

ಇಲ್ಲಿ ಆಗುವ ತಪ್ಪು ಒಂದೇ ಥರದ್ದು. ಪೊಲೀಸು, ಸ್ಟೇಷನ್ನು ಅಂತ ಓಡಾಡೋದು ಯಾಕೆ ಅಂದುಕೊಂಡು ಯಾರೋ “ಮೆಟ್ಟಿಲಿನಿಂದ ಬಿದ್ದರು” ಅಂದುಬಿಡುತ್ತಾರೆ. ಕಾರು ಓಡಿಸುತ್ತಿದ್ದವರು ನೆಂಟರೇ ಆಗಿದ್ದರೆ ಇದು ಇನ್ನೂ ಜಾಸ್ತಿ. ಮೂರು ದಿನ ಬಿಟ್ಟು ಮನಸ್ಸು ಬದಲಾಗಿ ದೂರು ಕೊಡುತ್ತಾರೆ. ಅಷ್ಟರಲ್ಲಿ ಎಕ್ಸ್-ರೇ ಕೋರಿಕೆ ಚೀಟಿಯ ಮೇಲೂ “ಬಿದ್ದು ಪೆಟ್ಟು” ಅಂತ ಬಂದಿರುತ್ತದೆ. ಆಮೇಲೆ ಅದನ್ನು ತಿದ್ದಲು ಹೋದರೆ ಅನುಮಾನ ಇನ್ನೂ ಹೆಚ್ಚುತ್ತದೆ.

ಇನ್ನೊಂದು ವಿಷಯ ಹಲವರಿಗೆ ಗೊತ್ತಿಲ್ಲ. 2025ರಲ್ಲಿ ಬಂದ ಕೇಂದ್ರದ ನಗದುರಹಿತ ಚಿಕಿತ್ಸೆ ಯೋಜನೆಯಲ್ಲಿ ರಸ್ತೆ ಅಪಘಾತದ ಗಾಯಾಳುವಿಗೆ ಅಪಘಾತದ ದಿನದಿಂದ 7 ದಿನ, 1.5 ಲಕ್ಷ ರೂಪಾಯಿವರೆಗೆ ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ ಚಿಕಿತ್ಸೆ ಇದೆ. ಈ ಯೋಜನೆ ಇಲ್ಲಿ ನಡೆಯುತ್ತದಾ ಅಂತ ಆವತ್ತೇ ಕೇಳಿ.

ಹಂತ 2: ಯಾವ ಪೆಟ್ಟಿಗೆ ಯಾವ ಚಿತ್ರ

ಡಾಕ್ಟರು ಬರೆಯುತ್ತಾರೆ, ನಿಜ. ಆದರೆ ಎಲ್ಲಿ ನೋವು, ಎಲ್ಲಿ ಬಡಿಯಿತು ಅಂತ ನೀವು ಹೇಳದಿದ್ದರೆ ಅವರಿಗೂ ಗೊತ್ತಾಗುವುದಿಲ್ಲ. ಗದ್ದಲದ ಕ್ಯಾಶುಯಲ್ಟಿಯಲ್ಲಿ ತೊಡೆಯ ದೊಡ್ಡ ಮುರಿತವನ್ನು ಎಲ್ಲರೂ ನೋಡುತ್ತಾರೆ. ಮಣಿಕಟ್ಟಿನ ಸಣ್ಣ ಬಿರುಕನ್ನು ಯಾರೂ ಕೇಳುವುದಿಲ್ಲ.

ಎಕ್ಸ್-ರೇ ಮೂಳೆಗೆ. ಒಂದೇ ಕೋನದ ಒಂದು ಚಿತ್ರ ಸಾಲುವುದಿಲ್ಲ. ಎದುರಿನಿಂದ ಒಂದು, ಪಕ್ಕದಿಂದ ಒಂದು ತೆಗೆಯುತ್ತಾರೆ. ಉದ್ದ ಮೂಳೆಯಾದರೆ ಅದರ ಮೇಲಿನ ಕೀಲು, ಕೆಳಗಿನ ಕೀಲು ಎರಡೂ ಕಾಣಬೇಕು.

ಸಿಟಿ ಸ್ಕ್ಯಾನ್ ತಲೆ, ಎದೆ, ಹೊಟ್ಟೆ, ಸೊಂಟದ ಕಟ್ಟು, ಬೆನ್ನುಮೂಳೆಯ ಮುರಿತಕ್ಕೆ. ಕೆಲವೇ ನಿಮಿಷದಲ್ಲಿ ಮುಗಿಯುತ್ತದೆ, ಹೊಸ ರಕ್ತಸ್ರಾವ ಚೆನ್ನಾಗಿ ಕಾಣುತ್ತದೆ. ತಲೆಯ ಎಕ್ಸ್-ರೇ ಒಳಗಿನ ರಕ್ತವನ್ನು ತೋರಿಸುವುದಿಲ್ಲ. “ತಲೆ ಎಕ್ಸ್-ರೇ ನಾರ್ಮಲ್ ಇತ್ತು” ಅಂತ ಧೈರ್ಯ ತಗೊಳ್ಳಬೇಡಿ.

ಎಂಆರ್‌ಐ ಮೆತ್ತಗಿನ ಭಾಗಗಳಿಗೆ: ಮಂಡಿಯ ಲಿಗಮೆಂಟು (ಮೂಳೆಗಳನ್ನು ಕಟ್ಟಿಹಿಡಿಯುವ ನಾರು), ಬೆನ್ನಿನ ಡಿಸ್ಕು, ಮಿದುಳುಬಳ್ಳಿ. ಅರ್ಧ ಗಂಟೆ ಅಲುಗಾಡದೆ ಮಲಗಬೇಕು. ಹಾಗಾಗಿ ತುರ್ತಿನಲ್ಲಿ ಮೊದಲು ಸಿಟಿ, ಆಮೇಲೆ ಬೇಕಿದ್ದರೆ ಎಂಆರ್‌ಐ. “ಎಂಆರ್‌ಐ ದೊಡ್ಡದು, ಅದನ್ನೇ ಮಾಡಿಬಿಡಿ” ಅನ್ನುವವರು ಈ ಕ್ರಮವನ್ನು ತಲೆಕೆಳಗು ಮಾಡುತ್ತಾರೆ. ಹೊಟ್ಟೆಯಲ್ಲಿ, ಹೃದಯದ ಸುತ್ತ ರಕ್ತ ನಿಂತಿದೆಯಾ ಅಂತ ನೋಡಲು ಮಂಚದ ಪಕ್ಕದಲ್ಲೇ ಅಲ್ಟ್ರಾಸೌಂಡ್ ಮಾಡುತ್ತಾರೆ. ಆಗ ಪ್ರಿಂಟು ಸಿಗದಿರಬಹುದು. ಕೇಸ್ ಶೀಟಿನಲ್ಲಿ ಬರೆದಿದ್ದಾರಾ ನೋಡಿ.

ಕಾರಿನೊಳಗೆ ಕೂತವರ ಪೆಟ್ಟಿಗೆ ಒಂದು ಕ್ರಮ ಇದೆ. ಮುಂದಿನ ಸೀಟಿನವರ ಮಂಡಿ ಡ್ಯಾಶ್‌ಬೋರ್ಡಿಗೆ ಬಡಿದರೆ ಆ ಹೊಡೆತ ತೊಡೆಯುದ್ದಕ್ಕೂ ಹೋಗಿ ಸೊಂಟದ ಕೀಲನ್ನು ಹಿಂದಕ್ಕೆ ತಳ್ಳಬಹುದು. ಮಂಡಿಯ ಎಕ್ಸ್-ರೇ ಮಾತ್ರ ತೆಗೆದು ಕಳಿಸಿದರೆ ಸೊಂಟ ತಪ್ಪಿಹೋಗುತ್ತದೆ. ಹೊಟ್ಟೆಯ ಮೇಲೆ ಸೀಟ್‌ಬೆಲ್ಟಿನ ಪಟ್ಟೆ ಕೆಂಪಗೆ ಅಥವಾ ನೀಲಿಯಾಗಿ ಬಿದ್ದಿದ್ದರೆ ಡಾಕ್ಟರಿಗೆ ತೋರಿಸಿ. ಒಳಗೆ ಕರುಳಿಗೆ, ಹಿಂದೆ ಬೆನ್ನುಮೂಳೆಗೆ ಪೆಟ್ಟಾಗಿರುವ ಸಾಧ್ಯತೆ ಇರುತ್ತದೆ. ಸ್ಟೀರಿಂಗ್ ಎದೆಗೆ ಗುದ್ದಿದ್ದರೆ ಅದನ್ನೂ ಹೇಳಿ. ಹಿಂದಿನಿಂದ ಗಾಡಿ ಗುದ್ದಿದ್ದರೆ ಕುತ್ತಿಗೆ.

ಹಂತ 3: ಮಷೀನಿನ ಒಳಗೆ ಹೋಗುವ ಮುಂಚೆ

ಗರ್ಭಿಣಿಯಾಗಿದ್ದರೆ, ಇರಬಹುದು ಅನ್ನಿಸಿದರೂ, ಎಕ್ಸ್-ರೇ ಅಥವಾ ಸಿಟಿಗೆ ಮುಂಚೆ ಹೇಳಿ. ಬಣ್ಣದ ಇಂಜೆಕ್ಷನ್ ಕೊಟ್ಟು ಸಿಟಿ ಮಾಡುವುದಾದರೆ ಕಿಡ್ನಿ ತೊಂದರೆ, ಹಿಂದಿನ ಅಲರ್ಜಿ, ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಮಾತ್ರೆ ಇವುಗಳ ಬಗ್ಗೆ ಹೇಳಿ. ಎಂಆರ್‌ಐಗೆ ಪೇಸ್‌ಮೇಕರ್, ಕಿವಿಯೊಳಗಿನ ಇಂಪ್ಲಾಂಟು, ಕಣ್ಣಿಗೆ ಹಿಂದೆ ಯಾವಾಗಲಾದರೂ ಬಿದ್ದ ಕಬ್ಬಿಣದ ಚೂರು. ವೆಲ್ಡಿಂಗ್, ಲೇತ್ ಕೆಲಸದವರು ಈ ಕೊನೆಯದನ್ನು ಮರೆಯಬಾರದು. ತಾಳಿ, ಕಾಲುಂಗುರ, ಸೊಂಟದ ಉಡಿದಾರದ ಬೆಳ್ಳಿ ಮಣಿ ಎಲ್ಲ ತೆಗೆದು ಮನೆಯವರ ಕೈಗೆ ಕೊಡಿ.

ಹಂತ 4: ಫಿಲ್ಮು ಕೈಗೆ ಬಂದಾಗ, ಕೌಂಟರ್ ಬಿಡುವ ಮುಂಚೆ

ಈ ಎರಡು ನಿಮಿಷ ಯಾರೂ ಕೊಡುವುದಿಲ್ಲ. ಆಮೇಲೆ ಎರಡು ವರ್ಷ ಓಡಾಡುತ್ತಾರೆ.

ಫಿಲ್ಮನ್ನು ಬೆಳಕಿಗೆ ಹಿಡಿದು ಮೂಲೆಯ ಸಣ್ಣ ಅಕ್ಷರ ಓದಿ. ಹೆಸರು, ವಯಸ್ಸು, ಗಂಡೋ ಹೆಣ್ಣೋ, ಆಸ್ಪತ್ರೆ ನಂಬರು, ದಿನಾಂಕ. ಪ್ರಜ್ಞೆ ಇಲ್ಲದೆ ಬಂದವರ ಮೊದಲ ಫಿಲ್ಮಿನಲ್ಲಿ “ಅನ್‌ನೋನ್ ಮೇಲ್” ಅಂತ ಇರುತ್ತದೆ. ಗುರುತು ಸಿಕ್ಕ ಮೇಲೆ ಆ ಹಳೇ ನಂಬರೂ ಹೊಸ ನಂಬರೂ ಒಬ್ಬರದ್ದೇ ಅಂತ ಆಸ್ಪತ್ರೆಯ ರೆಕಾರ್ಡ್ ವಿಭಾಗದಿಂದ, ಅಂದರೆ ಎಂಆರ್‌ಡಿಯಿಂದ, ಬರೆಸಿಕೊಳ್ಳಿ. ಹೆಸರು ಆಧಾರಿನಲ್ಲಿರುವಂತೆಯೇ ಇರಲಿ. ಊರಲ್ಲಿ ಎಲ್ಲರೂ ಕರೆಯುವ ಹೆಸರು ಫಿಲ್ಮಿನಲ್ಲಿ, ದಾಖಲೆಯ ಹೆಸರು ದೂರಿನಲ್ಲಿ ಇದ್ದರೆ ಇಬ್ಬರು ಬೇರೆ ಬೇರೆ ಅನ್ನುವ ವಾದಕ್ಕೆ ಜಾಗ ಕೊಟ್ಟಂತೆ.

ಆಮೇಲೆ ಎಡ ಬಲದ ಗುರುತು. ಫಿಲ್ಮಿನ ಒಂದು ಬದಿಯಲ್ಲಿ ಎಲ್ ಅಥವಾ ಆರ್ ಅಕ್ಷರ ಇರುತ್ತದೆ. ನಮ್ಮ ಕಚೇರಿಗೆ ಬಂದ ಒಬ್ಬ ಡ್ರೈವರ್ ಅಣ್ಣನಿಗೆ ಮುರಿದದ್ದು ಎಡಗಾಲು. ಕೇಸ್ ಶೀಟಿನಲ್ಲಿ ಎಡ, ಡಿಸ್ಚಾರ್ಜ್ ಕಾಗದದಲ್ಲಿ ಎಡ. ಮೊದಲ ದಿನದ ಫಿಲ್ಮಿನಲ್ಲಿ ಮಾತ್ರ ಆರ್. ಯಾರೋ ಅವಸರದಲ್ಲಿ ತಪ್ಪು ಅಕ್ಷರ ಇಟ್ಟಿದ್ದರು. ಆವತ್ತೇ ನೋಡಿದ್ದರೆ ಐದು ನಿಮಿಷದ ಕೆಲಸ. ನಮಗೆ ಸಿಕ್ಕಾಗ 14 ತಿಂಗಳಾಗಿತ್ತು. ಆ ಟೆಕ್ನಿಷಿಯನ್ ಕೆಲಸ ಬಿಟ್ಟಿದ್ದರು. ಪ್ಲೇಟ್ ಹಾಕಿದ ಮೇಲಿನ ಎಕ್ಸ್-ರೇ ಇತ್ತು, ಡಾಕ್ಟರು ಬಂದು ಸಾಕ್ಷಿ ಹೇಳಿದರು, ಹೇಗೋ ನಡೆಯಿತು. ಆದರೂ ಪಾಟೀ ಸವಾಲಿನಲ್ಲಿ ಅರ್ಧ ಗಂಟೆ ಆ ಒಂದು ಅಕ್ಷರದ ಮೇಲೇ ಹೋಯಿತು.

ಕೊನೆಗೆ, ಮೂರು ವಸ್ತು ಕೇಳಿ: ಫಿಲ್ಮು, ರಿಪೋರ್ಟು, ಸಿಡಿ. ಫಿಲ್ಮು ಚಿತ್ರ. ರಿಪೋರ್ಟು ಅಂದರೆ ಅದನ್ನು ಓದಿದ ರೇಡಿಯಾಲಜಿಸ್ಟ್ ಬರೆದು ಸಹಿ ಹಾಕಿದ ಕಾಗದ. ರಾತ್ರಿ ತೆಗೆದ ಎಕ್ಸ್-ರೇಗೆ ರಿಪೋರ್ಟು ಮಾರನೇ ದಿನ ಬರುತ್ತದೆ, ತಗೊಳ್ಳಲು ಮರೆಯುತ್ತಾರೆ. ಸಿಡಿ ಯಾಕೆ ಅಂದರೆ, ಸಿಟಿ ಮತ್ತು ಎಂಆರ್‌ಐನಲ್ಲಿ ನೂರಾರು ಚಿತ್ರಗಳಿರುತ್ತವೆ. ಫಿಲ್ಮಿಗೆ ಬರುವುದು ಆರಿಸಿದ ಕೆಲವು. ಆರು ತಿಂಗಳ ನಂತರ ಬೇರೆ ಡಾಕ್ಟರು ಇನ್ನೊಂದು ಕೋನ ನೋಡಬೇಕು ಅಂದರೆ ಸಿಡಿ ಬೇಕು. ಅದರೊಳಗಿನ ಕಡತಗಳು ಡೈಕಾಮ್ ಅನ್ನುವ ರೂಪದಲ್ಲಿರುತ್ತವೆ. ಈಗ ಕೆಲವು ಕಡೆ ಸಿಡಿ ಬದಲು ಲಿಂಕ್ ಕಳಿಸುತ್ತಾರೆ. ಲಿಂಕಿಗೆ ವಾಯಿದೆ ಇರಬಹುದು, ಅದೇ ವಾರ ಇಳಿಸಿಕೊಳ್ಳಿ.

ಹಂತ 5: “ನಾರ್ಮಲ್” ಅಂದ ಮೇಲೂ ನೋವಿದ್ದರೆ

ಮೊದಲ ದಿನದ ಚಿತ್ರದಲ್ಲಿ ಎಲ್ಲವೂ ಕಾಣುವುದಿಲ್ಲ. ಮಣಿಕಟ್ಟಿನಲ್ಲಿ ಹೆಬ್ಬೆರಳ ಬುಡದ ಕಡೆ ಸ್ಕೇಫಾಯ್ಡ್ ಅನ್ನುವ ಸಣ್ಣ ಮೂಳೆ ಇದೆ. ಅದರ ಬಿರುಕು ಮೊದಲ ಎಕ್ಸ್-ರೇಯಲ್ಲಿ ತಪ್ಪಿಹೋಗುವುದು ಡಾಕ್ಟರುಗಳಿಗೆಲ್ಲ ಗೊತ್ತಿರುವ ವಿಷಯ. ಅಲ್ಲಿ ಒತ್ತಿದರೆ ನೋವಿದ್ದರೆ ಪಟ್ಟಿ ಕಟ್ಟಿ, 10ರಿಂದ 14 ದಿನ ಬಿಟ್ಟು ಮತ್ತೆ ತೆಗೆಯುತ್ತಾರೆ. ಪಕ್ಕೆಲುಬಿನ ಬಿರುಕೂ ಹೀಗೇ. ಲಿಗಮೆಂಟು ಹರಿದಿದ್ದರೂ ಎಕ್ಸ್-ರೇ ಪೂರ್ತಿ ಸರಿಯಾಗೇ ಇರಬಹುದು, ಮಂಡಿ ಮಾತ್ರ ಇಳಿಜಾರಿನಲ್ಲಿ ಜಾರಿದಂತಾಗುತ್ತದೆ.

ಹಾಗಾಗಿ ನೋವು ಉಳಿದರೆ ಅದೇ ಆಸ್ಪತ್ರೆಯ ಓಪಿಡಿಗೆ ಮತ್ತೆ ಹೋಗಿ, ಹೊಸ ಚೀಟಿಯಲ್ಲಿ ಬರೆಸಿ. ಇಲ್ಲಿ ನಮ್ಮ ಜನ ಮಾಡುವುದು ನಾಟಿ ಕಟ್ಟು. ಕಟ್ಟು ಹಾಕಿಸಿಕೊಂಡು ಎರಡು ತಿಂಗಳು ಮನೆಯಲ್ಲಿರುತ್ತಾರೆ. ಮೂಳೆ ಸೊಟ್ಟಗೆ ಕೂಡುತ್ತದೆ, ಆಮೇಲೆ ಆಸ್ಪತ್ರೆಗೆ ಬರುತ್ತಾರೆ. ನಾಟಿ ವೈದ್ಯರನ್ನು ಬಯ್ಯುವುದು ನನ್ನ ಉದ್ದೇಶವಲ್ಲ. ಆದರೆ ಆ ಎರಡು ತಿಂಗಳಿಗೆ ಒಂದು ಚಿತ್ರವೂ ಇಲ್ಲ, ಒಂದು ಕಾಗದವೂ ಇಲ್ಲ. ಆ ನಡುವೆ ಮತ್ತೆ ಬಿದ್ದಿರಬಹುದಲ್ವಾ ಅಂತ ಎದುರಿನವರು ಕೇಳಿದರೆ ತೋರಿಸಲು ಏನೂ ಇರುವುದಿಲ್ಲ.

ಕಾಯದೆ ಓಡಬೇಕಾದ ಲಕ್ಷಣಗಳು ಬೇರೆ. ತಲೆಗೆ ಪೆಟ್ಟಾದವರು ಎರಡು ಸಲ ಅಥವಾ ಜಾಸ್ತಿ ವಾಂತಿ ಮಾಡಿದರೆ, ಮಂಕಾದರೆ, ಅಪಘಾತಕ್ಕೆ ಮುಂಚಿನ ಅರ್ಧ ಗಂಟೆ ನೆನಪೇ ಇಲ್ಲದಿದ್ದರೆ, ಕಣ್ಣಿನ ಸುತ್ತ ಅಥವಾ ಕಿವಿಯ ಹಿಂದೆ ಕಪ್ಪಾದರೆ, ಮೂಗು ಕಿವಿಯಿಂದ ನೀರಿನಂಥದ್ದು ಸೋರಿದರೆ ತಕ್ಷಣ 108ಕ್ಕೆ ಫೋನ್ ಮಾಡಿ. ಕೈಕಾಲು ಜೋಮು, ಮೂತ್ರ ಕಟ್ಟಿಕೊಳ್ಳುವುದು ಬೆನ್ನುಮೂಳೆಯ ಎಚ್ಚರಿಕೆ. ಹೊಟ್ಟೆ ಬಿಗಿಯಾಗಿ ನೋವು ಏರುತ್ತಿದ್ದರೆ, ಮುರಿದ ಕಾಲಿನ ಬೆರಳು ತಣ್ಣಗಾದರೆ, ಪಟ್ಟಿಯೊಳಗಿನ ನೋವು ಮಾತ್ರೆಗೂ ಬಗ್ಗದಿದ್ದರೆ ಬೆಳಿಗ್ಗೆವರೆಗೆ ನೋಡೋಣ ಅನ್ನಬೇಡಿ.

ವಯಸ್ಸಾದವರು, ರಕ್ತ ತೆಳುವಾಗುವ ಮಾತ್ರೆ ತಗೊಳ್ಳುವವರು ಇನ್ನೂ ಜೋಪಾನ. ಅವರಲ್ಲಿ ತಲೆಯೊಳಗೆ ನಿಧಾನವಾಗಿ ರಕ್ತ ಸೇರಿ, ಮೂರು ನಾಲ್ಕು ವಾರ ಬಿಟ್ಟು ತಲೆನೋವು, ನಡಿಗೆ ತಪ್ಪುವುದು, ಮಾತು ತೊದಲುವುದು ಶುರುವಾಗಬಹುದು. ಮನೆಯವರು ವಯಸ್ಸಿನ ಮರೆವು ಅಂದುಕೊಳ್ಳುತ್ತಾರೆ. ಡಾಕ್ಟರ ಹತ್ತಿರ ಹೋದಾಗ ಹಳೇ ಅಪಘಾತವನ್ನು ಹೇಳಿ, ಮೊದಲ ಸಿಟಿಯನ್ನು ಜೊತೆಗೆ ಒಯ್ಯಿರಿ.

ಹಂತ 6: ವೂಂಡ್ ಸರ್ಟಿಫಿಕೇಟಿಗೆ ಎಕ್ಸ್-ರೇ ಸೇರಿದೆಯಾ ನೋಡಿ

ಗಾಯಾಳುವಿಗೆ ಯಾರೂ ಹೇಳಿಕೊಡದ ಹಂತ ಇದು. ಎಂಎಲ್‌ಸಿ ಆದ ಮೇಲೆ ಡಾಕ್ಟರು ಪೊಲೀಸರಿಗೆ ವೂಂಡ್ ಸರ್ಟಿಫಿಕೇಟ್ ಕೊಡುತ್ತಾರೆ. ಅದರಲ್ಲಿ ಗಾಯ ಸಾಧಾರಣವೋ ತೀವ್ರವೋ ಅಂತ ಬರೆಯುತ್ತಾರೆ. ಭಾರತೀಯ ನ್ಯಾಯ ಸಂಹಿತೆಯ ಕಲಂ 116ರ ಪ್ರಕಾರ ಮೂಳೆ ಅಥವಾ ಹಲ್ಲು ಮುರಿದರೆ, ಕೀಲು ತಪ್ಪಿದರೆ ಅದು ತೀವ್ರ ಗಾಯ. ಮುರಿದಿದೆ ಅಂತ ತೋರಿಸುವುದು ಎಕ್ಸ್-ರೇ ರಿಪೋರ್ಟು. ಅದು ಬರುವ ಮುಂಚೆ ಸರ್ಟಿಫಿಕೇಟ್ ಹೊರಟರೆ “ಸಾಧಾರಣ” ಅಂತ ಹೋಗುತ್ತದೆ, ಇಲ್ಲವೇ ಅಭಿಪ್ರಾಯ ಬಾಕಿ ಅಂತ ಇರುತ್ತದೆ. ಪೊಲೀಸರು ಅದನ್ನೇ ಹಿಡಿದು ಚಾರ್ಜ್‌ಶೀಟ್ ಹಾಕುತ್ತಾರೆ.

ಒಂದು ವಾರ ಬಿಟ್ಟು ಠಾಣೆಗೆ ಹೋಗಿ ನಕಲು ನೋಡಿ. ಮುರಿತ ಬಿಟ್ಟುಹೋಗಿದ್ದರೆ ಎಕ್ಸ್-ರೇ ರಿಪೋರ್ಟಿನ ನಕಲನ್ನು ಡಾಕ್ಟರಿಗೆ ಕೊಟ್ಟು ಅಭಿಪ್ರಾಯ ಪೂರ್ತಿ ಮಾಡಿ ಅಂತ ಲಿಖಿತವಾಗಿ ಕೇಳಿ, ಒಂದು ಪ್ರತಿಗೆ ಸೀಲು ಹಾಕಿಸಿಕೊಳ್ಳಿ. ಎರಡು ಆಸ್ಪತ್ರೆಯಲ್ಲಿ ಚಿಕಿತ್ಸೆ ಆಗಿದ್ದರೆ ಇದು ಇನ್ನೂ ಮುಖ್ಯ. ತಾಲ್ಲೂಕು ಆಸ್ಪತ್ರೆಯಲ್ಲಿ ಪಟ್ಟಿ ಕಟ್ಟಿ, ಬೆಂಗಳೂರಿನ ನಿಮ್ಹಾನ್ಸಿಗೋ ಸಂಜಯ್ ಗಾಂಧಿ ಆಸ್ಪತ್ರೆಗೋ ಕಳಿಸಿರುತ್ತಾರೆ. ಸರ್ಟಿಫಿಕೇಟ್ ಒಂದು ಊರಲ್ಲಿ, ಸ್ಕ್ಯಾನು ಇನ್ನೊಂದು ಊರಲ್ಲಿ. ಎರಡನ್ನೂ ಜೋಡಿಸುವ ಚೀಟಿ ಅಂದರೆ ರೆಫರಲ್ ಪತ್ರ. ಅದನ್ನು ಕಳೆಯಬೇಡಿ.

ಹಂತ 7: ಮನೆಯಲ್ಲಿ ಇಡುವುದು

ಇವತ್ತಿನ ಫಿಲ್ಮುಗಳಲ್ಲಿ ಬಹುತೇಕ ಶಾಖದಿಂದ ಮುದ್ರಿಸಿದವು. ಶಾಖ ಬಿದ್ದರೆ ಮತ್ತೆ ಕಪ್ಪಾಗುತ್ತವೆ. ಒಬ್ಬ ಅಮ್ಮ ತುಂಬ ಜೋಪಾನ ಮಾಡಿ ಫಿಲ್ಮುಗಳನ್ನು ಶೀಟಿನ ಮನೆಯ ಅಟ್ಟದ ಮೇಲೆ ಇಟ್ಟಿದ್ದರು. ಎರಡು ಬೇಸಿಗೆ ಕಳೆದಿತ್ತು. ತೆಗೆದರೆ ಮೂಳೆಯೂ ಹಿನ್ನೆಲೆಯೂ ಒಂದೇ ಬಣ್ಣ. ಸುರುಳಿ ಸುತ್ತಬೇಡಿ, ಮಡಚಬೇಡಿ, ಪಿನ್ನು ಹೊಡೆಯಬೇಡಿ, ಚಿತ್ರದ ಮೇಲೆ ಪೆನ್ನಿನಲ್ಲಿ ಬರೆಯಬೇಡಿ. ಫಿಲ್ಮುಗಳ ನಡುವೆ ಬಿಳಿ ಕಾಗದ ಇಟ್ಟು, ಬೀರುವಿನಲ್ಲಿ ನಿಲ್ಲಿಸಿಡಿ.

ಮೂಲ ಸಿಡಿಯನ್ನು ಹಾಗೇ ಬಿಡಿ, ಪೂರ್ತಿ ಫೋಲ್ಡರನ್ನು ಪೆನ್‌ಡ್ರೈವಿಗೆ ನಕಲು ಮಾಡಿ. ಸಿಡಿಯನ್ನು ಸಾಕ್ಷ್ಯವಾಗಿ ಕೊಡಬೇಕಾದರೆ ಭಾರತೀಯ ಸಾಕ್ಷ್ಯ ಅಧಿನಿಯಮ 2023ರ ಕಲಂ 63ರ ಪ್ರಮಾಣಪತ್ರ ಬೇಕಾಗುತ್ತದೆ. ಅದನ್ನು ವಕೀಲರು ನೋಡಿಕೊಳ್ಳುತ್ತಾರೆ. ಕಿಟಕಿಗೆ ಹಿಡಿದು ಮೊಬೈಲಿನಲ್ಲಿ ತೆಗೆದ ಫೋಟೋ, ಅದೂ ವಾಟ್ಸ್ಆ್ಯಪ್‌ನಲ್ಲಿ ಹೋಗಿ ಬಂದದ್ದು, ನೆಂಟರಿಗೆ ತೋರಿಸಲು ಸರಿ. ಸಣ್ಣ ಬಿರುಕು ಅದರಲ್ಲಿ ಉಳಿಯುವುದಿಲ್ಲ.

ನೋಟ್‌ಬುಕ್ಕಿನಲ್ಲಿ ಒಂದು ಸ್ಕ್ಯಾನಿಗೆ ಒಂದು ಸಾಲು ಬರೆಯಿರಿ: ದಿನ, ಆಸ್ಪತ್ರೆ, ಯಾವ ಭಾಗ, ಎಡವೋ ಬಲವೋ, ಬರೆದ ಡಾಕ್ಟರು, ರಿಪೋರ್ಟು ಬಂತಾ, ಬಿಲ್ ನಂಬರು. ಆರೋಗ್ಯ ವಿಮೆ ಇದ್ದವರು ಅಸಲು ಬಿಲ್ಲು ಕಂಪನಿಗೆ ಕಳಿಸುವ ಮುಂಚೆ ನಕಲು ಮಾಡಿ, ಆಸ್ಪತ್ರೆಯ ಸೀಲು ಹಾಕಿಸಿ.

ಏನಾದರೂ ಕಳೆದುಹೋಗಿದ್ದರೆ ತಡ ಮಾಡಬೇಡಿ. 2002ರ ವೈದ್ಯರ ವೃತ್ತಿ ನಡತೆ ನಿಯಮಗಳ ಪ್ರಕಾರ ಒಳರೋಗಿಯ ದಾಖಲೆಯನ್ನು ಮೂರು ವರ್ಷ ಇಡಬೇಕು, ಕೇಳಿದರೆ 72 ಗಂಟೆಯೊಳಗೆ ಕೊಡಬೇಕು. ಎಂಆರ್‌ಡಿಗೆ ಐಪಿ ನಂಬರ್ (ಒಳರೋಗಿ ನಂಬರು) ಹಾಕಿ ಅರ್ಜಿ ಬರೆದು ಸ್ವೀಕೃತಿ ತಗೊಳ್ಳಿ. ಬಾಯಲ್ಲಿ ಕೇಳಿದ್ದಕ್ಕೆ ಲೆಕ್ಕವಿಲ್ಲ.

ಹಂತ 8: ಆಪರೇಷನ್ ನಂತರದ ಸಾಲು

ಒಂದು ಚಿತ್ರ ಮುರಿತವನ್ನು ತೋರಿಸುತ್ತದೆ. ಸಾಲು ಚಿತ್ರಗಳು ಆಮೇಲೆ ಏನಾಯಿತು ಅಂತ ತೋರಿಸುತ್ತವೆ. ಪ್ಲೇಟು, ರಾಡು, ಸ್ಕ್ರೂ ಹಾಕಿದ ಮಾರನೇ ದಿನದ ಎಕ್ಸ್-ರೇ, ಡಾಕ್ಟರು ಹೇಳಿದಂತೆ ಆರು ವಾರ, ಮೂರು ತಿಂಗಳು, ಆರು ತಿಂಗಳಿನದು. ಮೂಳೆ ಕೂಡಿದೆಯಾ, ಸೊಟ್ಟ ಕೂಡಿದೆಯಾ, ಸ್ಕ್ರೂ ಸಡಿಲವಾಗಿದೆಯಾ ಎಲ್ಲ ಇದರಲ್ಲಿ ಗೊತ್ತಾಗುತ್ತದೆ. ಒಳಗಿನ ರಾಡು ಮುಂದೆ ತೆಗೆಸಬೇಕಾದರೆ ಅದರ ಖರ್ಚು ಕೇಳುವುದಕ್ಕೂ ಇದೇ ಆಧಾರ. “ನೋವು ಕಡಿಮೆ ಆಯ್ತು, ಸುಮ್ನೆ ಯಾಕೆ ಹೋಗೋದು” ಅಂತ ಮೂರನೇ ತಿಂಗಳ ಭೇಟಿ ಬಿಡುವವರು ಬಹಳ.

ಹಳೇ ಪೆಟ್ಟನ್ನು ಮುಚ್ಚಿಡಬೇಡಿ. 45 ದಾಟಿದವರ ಬೆನ್ನಿನ ಎಂಆರ್‌ಐನಲ್ಲಿ ಸವೆತ ಅನ್ನುವ ಪದ ಬಂದೇ ಬರುತ್ತದೆ ಅಂದುಕೊಳ್ಳಿ. ಎದುರಿನ ವಕೀಲರು ನೋವೆಲ್ಲ ವಯಸ್ಸಿನದ್ದು ಅನ್ನುತ್ತಾರೆ. ಅಪಘಾತಕ್ಕೆ ಮುಂಚಿನ ಎಂಆರ್‌ಐ ಇದ್ದರೆ ಅದನ್ನೇ ಪಕ್ಕಕ್ಕಿಟ್ಟು ಹೊಸದೇನು ಅಂತ ಡಾಕ್ಟರು ತೋರಿಸಬಲ್ಲರು. ಮುಚ್ಚಿಟ್ಟದ್ದು ಆಮೇಲೆ ಸಿಕ್ಕಿಬಿದ್ದರೆ ನಿಜವಾದ ಮುರಿತವನ್ನೂ ಯಾರೂ ನಂಬುವುದಿಲ್ಲ.

ಹಂತ 9: ಅರ್ಜಿ, ಅಂಗವೈಕಲ್ಯ, ಸಾಕ್ಷಿಯ ದಿನ

ಪೂರ್ತಿ ಗುಣವಾದ ಮೇಲೆ ಕೇಸು ಹಾಕೋಣ ಅಂತ ಕಾಯಬೇಡಿ. ಮೋಟಾರು ವಾಹನ ಕಾಯ್ದೆಯ ಕಲಂ 166(3) ಪ್ರಕಾರ ಅಪಘಾತದಿಂದ 6 ತಿಂಗಳೊಳಗೆ ಅರ್ಜಿ ಹಾಕಬೇಕು. ಈ ನಿಯಮ 2022ರ ಏಪ್ರಿಲ್ 1ರಿಂದ ಇದೆ. ಮೂಳೆ ಇನ್ನೂ ಕೂಡದಿದ್ದರೂ ಇರುವ ಎಕ್ಸ್-ರೇ ಹಿಡಿದು ಅರ್ಜಿ ಹಾಕಿ. ಮುಂದಿನ ಚಿತ್ರಗಳನ್ನು ಸಾಕ್ಷಿಯ ಹಂತದಲ್ಲಿ ಕೊಡಬಹುದು.

ಚಿಕಿತ್ಸೆ ಒಂದು ಹಂತಕ್ಕೆ ಬಂದ ಮೇಲೆ ಡಾಕ್ಟರು ಅಂಗವೈಕಲ್ಯ ಅಳೆಯುತ್ತಾರೆ. ಆ ದಿನ ಹೊಸ ಎಕ್ಸ್-ರೇ ತೆಗೆಸುತ್ತಾರೆ. ಎಲ್ಲ ಹಳೇ ಫಿಲ್ಮುಗಳನ್ನೂ ದಿನಾಂಕದ ಪ್ರಕಾರ ಜೋಡಿಸಿ ಒಯ್ಯಿರಿ. ಚಿಕಿತ್ಸೆ ಕೊಟ್ಟ ಡಾಕ್ಟರೇ ಅಳೆದರೆ ಒಳ್ಳೆಯದು. ಸರ್ಟಿಫಿಕೇಟ್ ತಂದು ಕೊಟ್ಟರೆ ಮುಗಿಯುವುದಿಲ್ಲ, ಡಾಕ್ಟರು ಬಂದು ಸಾಕ್ಷಿ ಹೇಳಬೇಕು. ಕಾಲಿಗೆ ಶೇ 30 ಅಂತ ಬರೆದರೆ ಇಡೀ ದೇಹಕ್ಕೆ ಅಷ್ಟೇ ಅಂತಲ್ಲ. ನಮ್ಮ ಕಡೆ ಸಾಮಾನ್ಯವಾಗಿ ಅದರ ಮೂರನೇ ಒಂದು ಭಾಗ ಹಿಡಿಯುತ್ತಾರೆ. ದುಡಿಮೆಗೆ ಎಷ್ಟು ಪೆಟ್ಟಾಯಿತು ಅನ್ನುವುದನ್ನು ಬೇರೆಯಾಗಿ ನೋಡಬೇಕು ಅಂತ ಸುಪ್ರೀಂ ಕೋರ್ಟು ರಾಜ್ ಕುಮಾರ್ ವಿರುದ್ಧ ಅಜಯ್ ಕುಮಾರ್ ತೀರ್ಪಿನಲ್ಲಿ ವಿವರವಾಗಿ ಹೇಳಿದೆ. ಅದೇ ಮಂಡಿ ಬಗ್ಗದಿದ್ದರೆ ಲಾರಿ ಡ್ರೈವರಿಗೆ ಕೆಲಸವೇ ಹೋಯಿತು, ಕೂತು ಲೆಕ್ಕ ಬರೆಯುವವರಿಗೆ ಹಾಗಲ್ಲ. ನಿಮ್ಮ ಕೆಲಸ ಏನು, ಅದರಲ್ಲಿ ಕೂರಬೇಕಾ, ಹತ್ತಬೇಕಾ, ಭಾರ ಎತ್ತಬೇಕಾ ಅಂತ ಡಾಕ್ಟರಿಗೆ ಬಾಯಿಬಿಟ್ಟು ಹೇಳಿ.

ಸಾಕ್ಷಿಯ ದಿನ ಫಿಲ್ಮುಗಳಿಗೆ ಕೋರ್ಟಿನ ಗುರುತು ಬೀಳುತ್ತದೆ. ಗುರುತು ಬಿದ್ದ ಫಿಲ್ಮು ಕಡತದಲ್ಲೇ ಉಳಿಯುತ್ತದೆ. ಮರುವರ್ಷ ರಾಡು ತೆಗೆಸಲು ಹೋದಾಗ ಡಾಕ್ಟರು ಕೇಳುವುದೂ ಅದೇ ಫಿಲ್ಮನ್ನು. ಆದ್ದರಿಂದ ಹಿಂದಿನ ವಾರವೇ ಆಸ್ಪತ್ರೆಗೆ ಹೋಗಿ, ಕೊನೆಯ ಎಕ್ಸ್-ರೇಯ ಇನ್ನೊಂದು ಪ್ರಿಂಟು ಕೇಳಿ. ಮಷೀನಿನಲ್ಲಿ ಚಿತ್ರ ಇನ್ನೂ ಉಳಿದಿದ್ದರೆ ಫಿಲ್ಮಿನ ಚಾರ್ಜು ತಗೊಂಡು ತೆಗೆದುಕೊಡುತ್ತಾರೆ.